ಮಕ್ಕಳ ಕೈಗೆ ಯಾವ ಕೆಲಸ ಒಪ್ಪುತ್ತದೆ? ಮನೆಯ ಸಾಮಗ್ರಿಗಳಿಂದ ಮಾಡುವ ಕರಕುಶಲಗಳ ಹೋಲಿಕೆ

ಬೇಸಿಗೆ ರಜೆಯೋ ದಸರಾ ರಜೆಯೋ ಹತ್ತಿರವಾಗುತ್ತಿದ್ದಂತೆ ಪೋಷಕರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಐದು ವರ್ಷದ ಮಗುವಿಗೆ ಕಾಗದ ಕೊಡುವುದು ಒಳ್ಳೆಯದೋ, ಮಣ್ಣು ಕೊಡುವುದು ಒಳ್ಳೆಯದೋ? ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನೆಲವೆಲ್ಲ ಕೆಸರಾಗದಂತೆ ಮಾಡಿಸಬಹುದಾದ ಕೆಲಸ ಯಾವುದು? ಒಂಬತ್ತು ವರ್ಷದ ಅಕ್ಕ ಮತ್ತು ನಾಲ್ಕು ವರ್ಷದ ತಮ್ಮ ಜಗಳವಾಡದೆ ಒಟ್ಟಿಗೆ ಕೂರುವಂಥದ್ದು ಏನಾದರೂ ಇದೆಯೇ? ಇಷ್ಟೆಲ್ಲ ಯೋಚಿಸುವ ಬದಲು ಅಂಗಡಿಯಿಂದ ಒಂದು ಕಿಟ್ ತಂದುಬಿಟ್ಟರೆ ಆಗದೇ? ಇವುಗಳಿಗೆಲ್ಲ ಒಂದೇ ಉತ್ತರ ಹೊಂದುವುದಿಲ್ಲ. ಆದ್ದರಿಂದ ಯಾವ ಅಳತೆಗಳನ್ನು ಇಟ್ಟುಕೊಂಡು ಆರಿಸಬೇಕು ಎಂಬುದನ್ನು ಮೊದಲು ಹೇಳಿ, ಆಮೇಲೆ ಕಾಗದ, ಮಣ್ಣು ಮತ್ತು ಹಿಟ್ಟು, ಕಾಗದದ ಮುದ್ದೆ, ಬಟ್ಟೆಯ ತುಂಡು, ಎಲೆ ಮತ್ತು ದಂಟು, ರಟ್ಟು ಮತ್ತು ಬೆಂಕಿಪೊಟ್ಟಣ ಇವುಗಳನ್ನು ಆ ಅಳತೆಗಳಿಗೆ ಹಿಡಿದು ನೋಡಿದ್ದೇನೆ.

ಮೊದಲು ಅಳತೆಗಳು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ, ಕೆಲಸದಲ್ಲಿ ಎಷ್ಟು ಪಾಲು ಮಗುವಿನ ಕೈಯಿಂದಲೇ ಆಗುತ್ತದೆ ಎಂಬುದು. ತಾಯಿ ಕತ್ತರಿಸಿ, ತಂದೆ ಅಂಟಿಸಿ, ಮಗು ಕೊನೆಗೆ ಎರಡು ಚುಕ್ಕೆ ಇಟ್ಟ ಗೊಂಬೆ ನೋಡಲು ಎಷ್ಟೇ ಚೆಂದವಾಗಿರಲಿ, ಅದನ್ನು ಮಾಡುವಾಗ ಕಲಿತವರು ದೊಡ್ಡವರು. ಸೊಟ್ಟ ಮೂಗಿನ ಮಣ್ಣಿನ ಎತ್ತನ್ನು ಮಗು ತಾನೇ ಮಾಡಿದ್ದರೆ ಅದರ ಬೆಲೆ ಹೆಚ್ಚು. ಹಾಗಾಗಿ ಯಾವ ಕೆಲಸವನ್ನು ಆರಿಸುವಾಗಲೂ ದೊಡ್ಡವರು ಕೈಹಾಕಲೇಬೇಕಾದ ಹಂತಗಳು ಎಷ್ಟು ಎಂದು ಎಣಿಸಿ ನೋಡಿ. ಅಂಥ ಹಂತ ಒಂದೆರಡಕ್ಕಿಂತ ಹೆಚ್ಚಿದ್ದರೆ ಆ ಕೆಲಸ ಆ ವಯಸ್ಸಿನ ಮಗುವಿಗೆ ಇನ್ನೂ ಬೇಗ ಎಂದೇ ತಿಳಿಯಬೇಕು.

ಎರಡನೆಯದು, ಮಾಡಿ ಮುಗಿಸಿದ ಮೇಲೆ ಆ ವಸ್ತು ಆಟಕ್ಕೆ ಬರುತ್ತದೆಯೇ ಎಂಬುದು. ಗೋಡೆಗೆ ತೂಗುಹಾಕಿದ ಅಲಂಕಾರವನ್ನು ಮಗು ಎರಡೇ ದಿನದಲ್ಲಿ ಮರೆಯುತ್ತದೆ. ಉರುಳುವ ಗಾಡಿ, ಊದುವ ಪೀಪಿ, ನೀರಿಗೆ ಬಿಡುವ ದೋಣಿ ಇವುಗಳನ್ನು ಮತ್ತೆ ಮತ್ತೆ ಮಾಡುತ್ತದೆ, ಮತ್ತೆ ಮತ್ತೆ ಮಾಡುವುದರಲ್ಲೇ ಕೈ ಪಳಗುತ್ತದೆ.

ಮೂರನೆಯದು ಒಣಗುವ ಸಮಯ. ಇದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್ ತಿಂಗಳಿನಲ್ಲಿ ರಾಯಚೂರಿನ ಅಂಗಳದಲ್ಲಿ ಬೇಗನೆ ಒಣಗುವ ಮುಖವಾಡ ಜುಲೈನಲ್ಲಿ ಆಗುಂಬೆಯಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯಬಹುದು. ಇವುಗಳ ಜೊತೆಗೆ ಮನೆಯ ಜಾಗ, ಆಮೇಲೆ ಗುಡಿಸಿ ಒರೆಸುವ ಕೆಲಸ ಮತ್ತು ಅಪಾಯದ ಪ್ರಮಾಣ ಸೇರುತ್ತವೆ. ಖರ್ಚನ್ನು ನಾನು ಕೊನೆಯಲ್ಲಿಡುತ್ತೇನೆ, ಏಕೆಂದರೆ ಇಲ್ಲಿ ಹೇಳುವ ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಬೇಕಾಗುವುದು ದೊಡ್ಡವರ ಸಮಯ, ಮತ್ತು ಅದು ಒಂದೊಂದು ಕೆಲಸಕ್ಕೆ ಒಂದೊಂದು ರೀತಿಯಲ್ಲಿ ಬೇಕಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಒಂದು ಅಂದಾಜು ಹೇಳಬಹುದು. ಮೂರು ವರ್ಷದ ಮಗು ಒತ್ತುತ್ತದೆ, ಹರಿಯುತ್ತದೆ, ಉಂಡೆ ಕಟ್ಟುತ್ತದೆ. ನಾಲ್ಕೈದು ವರ್ಷಕ್ಕೆ ಕಾಗದವನ್ನು ಒರಟಾಗಿ ಮಡಿಸಲು, ಮೊಂಡು ಮೂತಿಯ ಕತ್ತರಿಯಿಂದ ನೇರ ಗೆರೆಯಲ್ಲಿ ಕತ್ತರಿಸಲು ಬರುತ್ತದೆ. ಆರೇಳಕ್ಕೆ ಅಂಚಿಗೆ ಅಂಚು ಕೂಡಿಸಿ ಮಡಿಸುವುದು, ದುಂಡಗೆ ಕತ್ತರಿಸುವುದು, ದೊಡ್ಡ ಸೂಜಿ ಹಿಡಿಯುವುದು ಸಾಧ್ಯ. ಎಂಟು ಒಂಬತ್ತರ ಮಕ್ಕಳು ಸ್ಕೇಲಿನಿಂದ ಅಳೆದು, ಯೋಜನೆ ಹಾಕಿ ಮಾಡುತ್ತಾರೆ. ಮಕ್ಕಳಲ್ಲಿ ಇದು ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ಸಹಜ, ಅದಕ್ಕಾಗಿ ಯಾರೂ ಚಿಂತಿಸಬೇಕಾಗಿಲ್ಲ.

ಕಾಗದ: ಎಲ್ಲಿಯೂ, ಯಾವಾಗಲೂ

ಜಾಗ ಕಡಿಮೆ, ಸಮಯ ಕಡಿಮೆ, ಹೊರಗೆ ಮಳೆ ಎಂದಾದರೆ ಕಾಗದಕ್ಕೆ ಎದುರಿಲ್ಲ. ಅಂಟು ಬೇಡ, ನೀರು ಬೇಡ, ಒಣಗಿಸುವುದು ಬೇಡ, ಮುಗಿದ ಮೇಲೆ ಒರೆಸುವುದೂ ಬೇಡ. ಹಳೆಯ ದಿನಪತ್ರಿಕೆ ಮತ್ತು ಮುಗಿದ ನೋಟ್‌ಬುಕ್ಕಿನ ಹಾಳೆ ಎರಡೂ ಸಾಕು, ಆದರೆ ಎರಡರ ಗುಣ ಬೇರೆ. ಪತ್ರಿಕೆಯ ಕಾಗದ ತೆಳು ಮತ್ತು ಮೆತ್ತಗೆ; ದೊಡ್ಡ ವಸ್ತುಗಳಿಗೆ, ಉದಾಹರಣೆಗೆ ತಲೆಗೆ ಹಾಕುವ ಟೋಪಿಗೆ ಚೆನ್ನ. ಚಿಕ್ಕ ಮಡಿಕೆಗಳಿಗೆ, ಹಾರುವ ರಾಕೆಟ್ಟಿಗೆ, ಜಿಗಿಯುವ ಕಪ್ಪೆಗೆ ಸ್ವಲ್ಪ ಗಡುಸಾದ ನೋಟ್‌ಬುಕ್ ಹಾಳೆ ಅಥವಾ ಒಂದು ಬದಿ ಮುದ್ರಿಸಿ ಬಿಟ್ಟ ಜೆರಾಕ್ಸ್ ಕಾಗದ ಬೇಕು. ಪತ್ರಿಕೆಯ ಶಾಯಿ ಕೈಗೆ ಹತ್ತುತ್ತದೆ, ಆದ್ದರಿಂದ ತಿಂಡಿಯ ಮುಂಚೆ ಕೈ ತೊಳೆಸಬೇಕು. ಪತ್ರಿಕೆಯನ್ನು ಹರಿದು ನೋಡಿದರೆ ಒಂದು ದಿಕ್ಕಿನಲ್ಲಿ ಪಟ್ಟಿಗಳು ನೇರವಾಗಿ ಬರುತ್ತವೆ, ಇನ್ನೊಂದು ದಿಕ್ಕಿನಲ್ಲಿ ಸೊಟ್ಟಂಬಟ್ಟ ಹರಿಯುತ್ತದೆ. ಕಾಗದದ ನಾರುಗಳು ಒಂದೇ ಕಡೆಗೆ ಮಲಗಿರುವುದೇ ಇದಕ್ಕೆ ಕಾರಣ; ಮಡಿಕೆಯೂ ಆ ದಿಕ್ಕಿನಲ್ಲಿಯೇ ಚೊಕ್ಕವಾಗಿ ಕೂರುತ್ತದೆ. ಇದನ್ನು ಮಕ್ಕಳು ತಾವೇ ಹರಿದು ಕಂಡುಕೊಳ್ಳಲು ಬಿಡಿ.

ಮೊದಲ ಬಾರಿಗೆ ಯಾವುದನ್ನು ಕಲಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ ದೋಣಿ. ದೋಣಿ ಮಾಡುವ ದಾರಿಯ ಅರ್ಧದಲ್ಲಿ ಟೋಪಿ ಸಿಗುತ್ತದೆ. ನಾಲ್ಕೈದು ವರ್ಷದ ಮಗು ಟೋಪಿಗೆ ನಿಲ್ಲಿಸಿ ತಲೆಗೆ ಹಾಕಿಕೊಂಡು ಓಡಬಹುದು, ಏಳು ವರ್ಷದ ಮಗು ಅದೇ ಟೋಪಿಯನ್ನು ಬಿಡಿಸಿ, ಚೌಕವಾಗಿಸಿ, ಮತ್ತೆ ಮಡಿಸಿ ದೋಣಿಗೆ ತಲುಪಬಹುದು. ಬೇರೆ ಬೇರೆ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಇಬ್ಬರಿಗೂ ಸಮಾಧಾನ ಕೊಡುವ ಕೆಲಸ ಇದಕ್ಕಿಂತ ಸುಲಭವಾದದ್ದು ನನಗೆ ಗೊತ್ತಿಲ್ಲ.

ಎಂಟು ದಾಟಿದ ಮಕ್ಕಳಿಗೆ ಕಾಗದದ ದೊಡ್ಡ ಸವಾಲು ಗಾಳಿಪಟ. ಆಷಾಢದ ಗಾಳಿಗೆ ನಮ್ಮಲ್ಲಿ ಗಾಳಿಪಟ ಹಾರಿಸುವ ರೂಢಿ ಇರುವುದರಿಂದ ಕಾಲಕ್ಕೂ ಹೊಂದುತ್ತದೆ. ಒಂದು ಚೌಕ ಪತ್ರಿಕೆ, ತೆಂಗಿನ ಪೊರಕೆಯ ಎರಡು ಕಡ್ಡಿ, ಅಂಟಿಗೆ ನಾಲ್ಕು ಅಗುಳು ಬಿಸಿ ಅನ್ನ, ಬಾಲಂಗೋಚಿಗೆ ಹಳೆಯ ಬಟ್ಟೆಯ ಪಟ್ಟಿ, ಇಷ್ಟರಲ್ಲಿ ಆಗುತ್ತದೆ. ಒಂದು ಕಡ್ಡಿ ಮೂಲೆಯಿಂದ ಮೂಲೆಗೆ ನೇರವಾಗಿ, ಇನ್ನೊಂದು ಬಿಲ್ಲಿನಂತೆ ಬಾಗಿ ಅದರ ಮೇಲೆ. ಕಷ್ಟವಿರುವುದು ಸೂತ್ರ ಕಟ್ಟುವುದರಲ್ಲಿ. ಸೂತ್ರದ ಗಂಟು ಸ್ವಲ್ಪ ಮೇಲಾದರೂ ಕೆಳಗಾದರೂ ಪಟ ಗಿರಕಿ ಹೊಡೆಯುತ್ತದೆ ಅಥವಾ ಏಳುವುದೇ ಇಲ್ಲ, ಗಂಟನ್ನು ಸರಿಸಿ ಸರಿಸಿ ನೋಡಬೇಕು. ಈ ತಾಳ್ಮೆ ಇರುವ ಮಗುವಿಗೆ ಮಾತ್ರ ಗಾಳಿಪಟ. ಸಾದಾ ಹತ್ತಿ ದಾರವನ್ನೇ ಬಳಸಬೇಕು, ವಿದ್ಯುತ್ ತಂತಿಗಳಿಂದ ದೂರದ ಬಯಲಿನಲ್ಲಿಯೇ ಹಾರಿಸಬೇಕು. ಇವೆರಡರಲ್ಲಿ ರಿಯಾಯಿತಿ ಬೇಡ.

ಕಾಗದದ ದೌರ್ಬಲ್ಯ, ಅದು ತಪ್ಪನ್ನು ಕ್ಷಮಿಸುವುದಿಲ್ಲ. ಮೊದಲ ಮಡಿಕೆ ಸೊಟ್ಟಗಾದರೆ ಕೊನೆಯವರೆಗೂ ಸೊಟ್ಟ. ಬೇಗ ಬೇಸರಿಸಿಕೊಳ್ಳುವ ಚಿಕ್ಕ ಮಕ್ಕಳು ಇಲ್ಲಿ ಸೋತು ಅಳುತ್ತಾರೆ. ಅಂಥವರಿಗೆ ಮಣ್ಣು ಮೇಲು.

ಮಣ್ಣು ಮತ್ತು ಹಿಟ್ಟು

ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದನ್ನೇ ಆರಿಸಬೇಕೆಂದರೆ ನಾನು ಯಾವ ಅನುಮಾನವೂ ಇಲ್ಲದೆ ಜೇಡಿಮಣ್ಣನ್ನು ಆರಿಸುತ್ತೇನೆ. ಇಲ್ಲಿ ತಪ್ಪು ಎಂಬುದೇ ಇಲ್ಲ. ಆನೆ ಆಗದಿದ್ದರೆ ಹಂದಿ ಆಗುತ್ತದೆ, ಅದೂ ಆಗದಿದ್ದರೆ ಮತ್ತೆ ಉಂಡೆ. ದೊಡ್ಡವರ ಕೈ ಬೇಕಾಗುವುದು ಮಣ್ಣನ್ನು ಹದ ಮಾಡುವುದಕ್ಕೆ ಮಾತ್ರ, ಮಿಕ್ಕಿದ್ದೆಲ್ಲ ಮಗುವಿನದು.

ಉತ್ತರ ಕರ್ನಾಟಕದಲ್ಲಿ ಇದು ಹಬ್ಬದ ಭಾಗವೇ ಆಗಿದೆ. ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ, ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನೆಂಬ ಮಣ್ಣಿನ ದೇವತೆಯನ್ನು ಮಾಡಿ ಆಡುತ್ತಾರೆ. ಹಳೆ ಮೈಸೂರು ಕಡೆ ಗೌರಿ ಗಣೇಶ ಹಬ್ಬದ ಹೊತ್ತಿಗೆ ಮಣ್ಣು ಕೈಗೆ ಸಿಗುತ್ತದೆ. ಬೆಂಗಳೂರಿನವರು ಪಾಟರಿ ಟೌನಿನಲ್ಲಿ ಅಥವಾ ತಮ್ಮ ಬಡಾವಣೆಗೆ ಹತ್ತಿರದ ಕುಂಬಾರರಲ್ಲಿ ವಿಚಾರಿಸಬಹುದು. ಕೆರೆಯ ಅಂಚಿನ ಮಣ್ಣನ್ನು ತಂದರೆ ನೀರಿನಲ್ಲಿ ನೆನೆಸಿ, ತೆಳು ಬಟ್ಟೆಯಲ್ಲೋ ಜರಡಿಯಲ್ಲೋ ಸೋಸಿ, ನೀರು ಬಸಿದು, ಚಪಾತಿ ಹಿಟ್ಟಿನ ಹದಕ್ಕೆ ಮಿದಿಯಬೇಕು. ಹದ ಗೊತ್ತಾಗಲು ಒಂದು ಪರೀಕ್ಷೆ ಇದೆ: ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ, ಬಿರುಕು ಬಿಡದೆ ಬಾಗಿದರೆ ಮಣ್ಣು ಒಳ್ಳೆಯದು, ಮುರಿದರೆ ಮರಳು ಹೆಚ್ಚಿದೆ ಅಥವಾ ನೀರು ಸಾಲದು.

ಮಕ್ಕಳ ಮಣ್ಣಿನ ಗೊಂಬೆಗಳು ಒಡೆಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕಾಲು, ಕೊಂಬು, ಸೊಂಡಿಲುಗಳನ್ನು ಸುಮ್ಮನೆ ಒತ್ತಿ ಅಂಟಿಸಿದರೆ ಒಣಗಿದ ಮೇಲೆ ಉದುರುತ್ತವೆ. ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ಮಣ್ಣಿನ ರಾಡಿ ಸವರಿ ಕೂಡಿಸಬೇಕು. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಹೊರಗಿನ ಪದರ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ದಪ್ಪ ಹೊಟ್ಟೆಯ ಗಣಪನ ಒಳಗನ್ನು ಸ್ವಲ್ಪ ಟೊಳ್ಳು ಮಾಡಿದರೆ ಇನ್ನೂ ಒಳ್ಳೆಯದು. ಸುಡದ ಮಣ್ಣಾದ್ದರಿಂದ ಬಿದ್ದರೆ ಒಡೆಯುತ್ತದೆ ಎಂಬುದನ್ನು ಮಗುವಿಗೆ ಮೊದಲೇ ಹೇಳಿ. ಒಡೆದ ಚೂರುಗಳನ್ನು ನೀರಿಗೆ ಹಾಕಿದರೆ ಮರುದಿನ ಮತ್ತೆ ಮಣ್ಣು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಗುಳ್ಳವ್ವನ ಅಲಂಕಾರಕ್ಕೂ ಗೊಂಬೆಗಳ ಕಣ್ಣಿಗೂ ಗುಲಗಂಜಿ ಬಳಸುವ ವಾಡಿಕೆ ಇದೆ. ಕೆಂಪು ಕಪ್ಪಿನ ಆ ಬೀಜ ಎಷ್ಟು ಸುಂದರವೋ ಅಷ್ಟೇ ವಿಷಕಾರಿ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿರುವಲ್ಲಿ ಅದನ್ನು ಸಂಪೂರ್ಣ ಬಿಟ್ಟು, ಕಣ್ಣನ್ನು ಕಡ್ಡಿಯಿಂದ ಚುಚ್ಚಿ ಮೂಡಿಸಿದರೆ ಸಾಕು. ಜೋಳ, ಹೆಸರುಕಾಳುಗಳೂ ಮೂರು ವರ್ಷದೊಳಗಿನ ಮಕ್ಕಳ ಮೂಗು ಕಿವಿಗಳಿಗೆ ಹೋಗುವಂಥವೇ.

ಮಣ್ಣು ತರಲಾಗದ, ಬಾಲ್ಕನಿಯೂ ಇಲ್ಲದ ಮನೆಗಳಿಗೆ ಹಿಟ್ಟು ಇದೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಒಂದು ಲೋಟಕ್ಕೆ ಸ್ವಲ್ಪ ಕಡಿಮೆ ನೀರು ಸೇರಿಸಿ ನಾದಿದರೆ ಒಳ್ಳೆಯ ಮುದ್ದೆ ಸಿಗುತ್ತದೆ. ಅರಿಶಿನ ಹಾಕಿದರೆ ಹಳದಿ, ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಒರೆಸುವುದು ಸುಲಭ, ಕೈಗೆ ತಣ್ಣನೆಯ ಹಿತ. ಆದರೆ ಇದರಲ್ಲಿ ಎತ್ತರದ ಗೊಂಬೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಲೋಟದ ಅಂಚಿನಿಂದ ಕತ್ತರಿಸಿದ ಬಿಲ್ಲೆ, ಎಲೆಯ ಅಚ್ಚು ಒತ್ತಿದ ಪದಕ, ಚಿಕ್ಕ ಹಣ್ಣು ತರಕಾರಿಗಳಿಗೆ ಸರಿ. ಮಳೆಗಾಲದಲ್ಲಿ ಉಪ್ಪು ತೇವ ಎಳೆದುಕೊಂಡು ಒಣಗಿದ ವಸ್ತುವೂ ಮತ್ತೆ ಮೆತ್ತಗಾಗುತ್ತದೆ. ಉಪ್ಪು ಇಷ್ಟು ಹೆಚ್ಚಿರುವುದರಿಂದ ಮಗುವಾಗಲಿ ಮನೆಯ ನಾಯಿಯಾಗಲಿ ಅದನ್ನು ತಿನ್ನದಂತೆ ನೋಡಿಕೊಳ್ಳಬೇಕು. ಹೊರದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ, ದಸರಾ ಗೊಂಬೆಗಳ ಸಾಲಿಗೆ ಮಕ್ಕಳ ಕೈಯಿಂದ ಒಂದು ಹಣ್ಣಿನಂಗಡಿಯನ್ನೋ ಅಡುಗೆಮನೆಯನ್ನೋ ಸೇರಿಸಬೇಕೆಂದರೆ ಇದೇ ಅತ್ಯಂತ ಸುಲಭದ ದಾರಿ.

ಕಾಗದದ ಮುದ್ದೆ: ತಾಳ್ಮೆಯಿರುವವರಿಗೆ

ಪತ್ರಿಕೆಯ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಬಲೂನಿನ ಮೇಲೋ ಬೋಗುಣಿಯ ಮೇಲೋ ಪದರ ಪದರವಾಗಿ ಹಚ್ಚಿ ಮುಖವಾಡ, ಬುಟ್ಟಿ ಮಾಡುವ ಕೆಲಸವಿದು. ಫಲಿತಾಂಶದ ದೃಷ್ಟಿಯಿಂದ ಎಲ್ಲಕ್ಕಿಂತ ಭವ್ಯ, ಸಮಯದ ದೃಷ್ಟಿಯಿಂದ ಎಲ್ಲಕ್ಕಿಂತ ದುಬಾರಿ. ಒಂದು ಲೋಟ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕೈದು ಲೋಟ ನೀರಿಗೆ ಸುರಿದು, ಗಂಜಿಯಂತೆ ಗಟ್ಟಿಯಾಗುವವರೆಗೆ ಕೈಯಾಡಿಸಿದರೆ ಅಂಟು ಸಿದ್ಧ. ಇದನ್ನು ದೊಡ್ಡವರೇ ಮಾಡಬೇಕು, ಪೂರ್ತಿ ಆರಿದ ಮೇಲೆ ಮಕ್ಕಳಿಗೆ ಕೊಡಬೇಕು. ಹುಳು ಬರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿಯೊಂದಿದೆ. ಅದು ವಿಷ, ಮಕ್ಕಳು ಕೈಯಿಂದ ಮುಟ್ಟುವ ಅಂಟಿಗೆ ಖಂಡಿತ ಬೇಡ.

ನಾಲ್ಕೈದು ಪದರ ಬೇಕಾಗುತ್ತದೆ, ಎರಡು ಪದರ ಹಚ್ಚಿದ ಮೇಲೆ ಒಂದು ದಿನ ಒಣಗಿಸಿ ಮುಂದುವರಿಯಬೇಕು. ಎಲ್ಲವನ್ನೂ ಒಂದೇ ದಿನ ಹಚ್ಚಿದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೊಳೆಯುತ್ತದೆ. ಬಣ್ಣ ಹಾಕುವುದೂ ಸೇರಿ ವಾರ ಹಿಡಿಯುತ್ತದೆ. ಬೋಗುಣಿಯನ್ನು ಅಚ್ಚಾಗಿ ಬಳಸುವುದಾದರೆ ಮೊದಲು ಹೊರಮೈಗೆ ಕೊಬ್ಬರಿ ಎಣ್ಣೆ ಸವರಿ, ಮೊದಲ ಪದರವನ್ನು ಬರೀ ನೀರಿನಲ್ಲಿ ಅದ್ದಿದ ಕಾಗದದಿಂದ ಹಚ್ಚಿ, ಇಲ್ಲದಿದ್ದರೆ ಬಿಡಿಸಲು ಬರುವುದಿಲ್ಲ. ಅಜ್ಜಿಯಂದಿರು ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ, ಕವುಚಿಟ್ಟ ಪಾತ್ರೆಗೆ ಬಡಿದು ಗಟ್ಟಿ ಬುಟ್ಟಿಗಳನ್ನು ಮಾಡುತ್ತಿದ್ದರು. ಮೆಂತ್ಯವೇ ಅಲ್ಲಿ ಅಂಟು. ಮನೆಯಲ್ಲಿ ಹಿರಿಯರಿದ್ದರೆ ಈ ಕೆಲಸವನ್ನು ಅವರ ಜೊತೆ ಮಾಡಿಸುವುದು ಅತ್ಯುತ್ತಮ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಹುಣಸೆಬೀಜದ ಅಂಟನ್ನು ಬಳಸುವುದನ್ನು ಹೇಳಿದರೆ, ಅಡುಗೆಮನೆಯ ವಸ್ತುವೇ ಕಸುಬಿನ ಸಾಮಗ್ರಿಯೂ ಆಗುತ್ತದೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ.

ಯಾರಿಗೆ ಇದು? ಏಳು ದಾಟಿದ, ನಾಳೆಯವರೆಗೆ ಕಾಯಬಲ್ಲ ಮಕ್ಕಳಿಗೆ, ಶಾಲೆಯ ನಾಟಕಕ್ಕೆ ಮುಖವಾಡ ಬೇಕಾದವರಿಗೆ, ಬಿಸಿಲಿನ ತಿಂಗಳುಗಳಿಗೆ. ನಾಲ್ಕು ವರ್ಷದ ತಮ್ಮನಿಗೆ ಕಾಗದ ಹರಿಯುವ ಕೆಲಸ ಕೊಟ್ಟರೆ ಅವನೂ ಸಂತೋಷದಿಂದ ಸೇರಿಕೊಳ್ಳುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮಲೆನಾಡುಗಳಲ್ಲಿ ಇದನ್ನು ಬಿಟ್ಟುಬಿಡಿ.

ಬಟ್ಟೆಯ ತುಂಡು

ದರ್ಜಿಯ ಅಂಗಡಿಯಲ್ಲಿ ಕೇಳಿದರೆ ಒಂದು ಚೀಲ ತುಂಡು ಬಟ್ಟೆ ಸಿಗುತ್ತದೆ. ಮೌನವಾಗಿ ಕೂತು ಒಂದೇ ಕೆಲಸದಲ್ಲಿ ಮುಳುಗುವ ಸ್ವಭಾವದ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಹೊಲಿಗೆಯಷ್ಟು ತೃಪ್ತಿ ಕೊಡುವುದು ಬೇರೆ ಇಲ್ಲ. ಓಡಾಡುವ ಸ್ವಭಾವದವರಿಗೆ ಇದು ಶಿಕ್ಷೆಯೇ ಸರಿ, ಒತ್ತಾಯಿಸಬೇಡಿ.

ಆರು ವರ್ಷದ ಮಗುವಿನ ಮೊದಲ ಹೊಲಿಗೆಗೆ ತೆಳು ಬಟ್ಟೆ ಕೊಡುವುದಕ್ಕಿಂತ ಗೋಣಿಚೀಲದ ತುಂಡನ್ನು ಕೊಡಿ. ಅದರ ನೇಯ್ಗೆ ಸಡಿಲ, ಕಣ್ಣಿಗೆ ಕಾಣುವಷ್ಟು ದೊಡ್ಡ ತೂತುಗಳು. ಮೊಂಡು ತುದಿಯ ದೊಡ್ಡ ಸೂಜಿಗೆ ಉಲ್ಲನ್ ದಾರ ಪೋಣಿಸಿಕೊಟ್ಟರೆ ಮಗು ಒಳಗೆ ಹೊರಗೆ ಹಾಯಿಸುತ್ತ ಸಾಲು ಹೊಲಿಗೆ ಹಾಕುತ್ತದೆ, ಬೆರಳು ಚುಚ್ಚಿಕೊಳ್ಳುವ ಭಯವೂ ಕಡಿಮೆ. ಎಂಟರ ನಂತರ ನಿಜವಾದ ಸೂಜಿ. ಆಗ ಗೊಂಬೆಗೊಂದು ಕೌದಿ, ಅಂದರೆ ತುಂಡು ಬಟ್ಟೆಗಳ ಹೊದಿಕೆ, ಹೊಲಿಸಬಹುದು: ನಾಲ್ಕು ಅಂಗುಲದ ಹದಿನಾರು ಚೌಕಗಳನ್ನು ನಾಲ್ಕು ಸಾಲಾಗಿ ಕೂಡಿಸಿದರೆ, ಹೊಲಿಗೆಗೆ ಹೋಗುವ ಅಂಚು ಕಳೆದು, ಸುಮಾರು ಒಂದು ಅಡಿಯ ಕೌದಿ ಬರುತ್ತದೆ. ಕೆಳಗೊಂದು ಹಳೆಯ ಸೀರೆಯ ತುಂಡಿಟ್ಟು ಸುತ್ತಲೂ ಹೊಲಿದರೆ ಮುಗಿಯಿತು. ಉತ್ತರ ಕರ್ನಾಟಕದ ಕೌದಿಗಳನ್ನೂ ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳನ್ನೂ ತೋರಿಸಿ ಆಮೇಲೆ ಬಣ್ಣ ಆರಿಸಲು ಬಿಟ್ಟರೆ ಮಕ್ಕಳ ಆಯ್ಕೆ ಬಹಳ ಧೈರ್ಯದ್ದಾಗುತ್ತದೆ.

ಸೂಜಿಯೇ ಬೇಡವೆಂದರೆ ಗಂಟಿನ ಗೊಂಬೆ ಇದೆ. ಹತ್ತಿಯನ್ನೋ ಚಿಂದಿಯನ್ನೋ ಬಟ್ಟೆಯ ನಡುವೆ ಇಟ್ಟು ಕುತ್ತಿಗೆಗೆ ದಾರ ಬಿಗಿದರೆ ತಲೆ, ಎರಡು ಮೂಲೆಗಳಿಗೆ ಗಂಟು ಹಾಕಿದರೆ ಕೈ. ಹಳೆಯ ಕಾಲುಚೀಲದ ಕೈಗೊಂಬೆಯೂ ಅಷ್ಟೇ ಸುಲಭ. ಚಿಕ್ಕ ಮಕ್ಕಳ ಗೊಂಬೆಗೆ ಗುಂಡಿಯ ಕಣ್ಣು ಬೇಡ, ಕಿತ್ತು ಬಾಯಿಗಿಡುತ್ತಾರೆ; ಪೆನ್ನಿನಿಂದ ಬರೆದರೆ ಸಾಕು. ಬಟ್ಟೆ ಕೆಲಸದ ಗುಣವೆಂದರೆ ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಮುಂದುವರಿಸಬಹುದು, ವಸ್ತು ವರ್ಷಗಟ್ಟಲೆ ಬಾಳುತ್ತದೆ. ದೋಷವೆಂದರೆ ಮೊದಲ ಕೆಲವು ದಿನ ಗಂಟು ಬಿಡಿಸಲು, ಸೂಜಿ ಪೋಣಿಸಲು ದೊಡ್ಡವರು ಪಕ್ಕದಲ್ಲಿಯೇ ಕೂರಬೇಕು.

ಎಲೆ, ಗರಿ, ದಂಟು

ಇದು ಊರಿನ ಮೇಲೆ, ಋತುವಿನ ಮೇಲೆ ನಿಂತಿದೆ. ತೆಂಗಿನ ಗರಿ ಸಿಗುವಲ್ಲಿ ಪೀಪಿ, ಕೈಗಡಿಯಾರ, ಹಾವು, ಗಿರಗಿಟ್ಲೆ. ವಿಜಯಪುರ, ಕಲಬುರಗಿಯ ಕಡೆ ಹಿಂಗಾರಿ ಜೋಳದ ಕೊಯ್ಲು ಮುಗಿದಾಗ ದಂಟಿನ ಬೆಂಡು ಮತ್ತು ಸಿಪ್ಪೆಯಿಂದ ಮಾಡುವ ಚಕ್ಕಡಿ. ಮಲೆನಾಡು ಕರಾವಳಿಯಲ್ಲಿ ಅಡಿಕೆ ಹಾಳೆಯ ಟೋಪಿ, ಕೂರಿಸಿ ಎಳೆಯುವ ಗಾಡಿ. ಖರ್ಚು ಸೊನ್ನೆ, ಆಟದ ಬೆಲೆ ಅಪಾರ. ಬಾಳಿಕೆ ಮಾತ್ರ ಎರಡು ಮೂರು ದಿನ, ಗರಿ ಒಣಗಿ ಸಡಿಲವಾಗುತ್ತದೆ. ಜೋಳದ ದಂಟಿನ ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ, ಅದನ್ನು ಸುಲಿಯುವುದು ದೊಡ್ಡವರ ಕೆಲಸ. ಬೇಸಿಗೆಗೆ ಅಜ್ಜಿಯ ಊರಿಗೆ ಹೋಗುವ ಮಕ್ಕಳಿಗೆ ಬೇರೆ ಯಾವ ಸಾಮಗ್ರಿಯನ್ನೂ ಹೊತ್ತೊಯ್ಯಬೇಡಿ. ಅಲ್ಲಿನ ಗರಿ ದಂಟುಗಳನ್ನು ಬಲ್ಲವರು ಅಲ್ಲಿಯೇ ಸಿಗುತ್ತಾರೆ. ಪಟ್ಟಣದ ಮನೆಗೆ ಇದನ್ನು ನಾನು ಸೂಚಿಸುವುದಿಲ್ಲ.

ರಟ್ಟು, ಬೆಂಕಿಪೊಟ್ಟಣ, ಬಾಟಲಿ ಮುಚ್ಚಳ

"ನನ್ನ ಮಗನಿಗೆ ಅಲಂಕಾರ ಬೇಡ, ಎಲ್ಲವೂ ಓಡಬೇಕು" ಎನ್ನುವ ಪೋಷಕರಿಗೆ ಈ ಗುಂಪು. ಖಾಲಿ ಬೆಂಕಿಪೊಟ್ಟಣಗಳನ್ನು ದಾರದಿಂದ ಜೋಡಿಸಿದರೆ ರೈಲು, ನಾಲ್ಕು ಮುಚ್ಚಳ ಹಾಕಿದರೆ ಗಾಡಿ. ಗಾಡಿ ಉರುಳದಿರುವ ದೂರು ಬಹಳ ಕೇಳಿಬರುತ್ತದೆ; ಗಾಲಿಗಳನ್ನು ಕೂಡಿಸುವ ಅಚ್ಚುಕಡ್ಡಿಯನ್ನು ಡಬ್ಬಿಗೆ ನೇರವಾಗಿ ಅಂಟಿಸಿರುವುದೇ ಕಾರಣ. ಸ್ಟ್ರಾ ಅಥವಾ ಮುಗಿದ ಪೆನ್ನಿನ ಕೊಳವೆಯ ತುಂಡನ್ನು ಡಬ್ಬಿಯ ಅಡಿಗೆ ಅಂಟಿಸಿ, ಅದರೊಳಗೆ ಪೊರಕೆ ಕಡ್ಡಿಯನ್ನು ಸಡಿಲವಾಗಿ ತೂರಿಸಿ, ಕಡ್ಡಿಯ ಎರಡು ತುದಿಗೆ ಮುಚ್ಚಳಗಳನ್ನು ಬಿಗಿಯಾಗಿ ಕೂರಿಸಬೇಕು. ಆಗ ಕಡ್ಡಿಯೂ ಗಾಲಿಯೂ ಒಟ್ಟಿಗೆ ತಿರುಗುತ್ತವೆ. ಮುಚ್ಚಳದ ನಟ್ಟನಡುವೆ ತೂತಾಗದಿದ್ದರೆ ಗಾಡಿ ಕುಂಟುತ್ತದೆ. ಆ ತೂತನ್ನು ಕಾಯಿಸಿದ ಮೊಳೆಯಿಂದ ದೊಡ್ಡವರು ಮಾಡಿಕೊಡಬೇಕು.

ಎರಡು ಕಾಗದದ ಲೋಟ ಅಥವಾ ಬೆಂಕಿಪೊಟ್ಟಣದ ಒಳಗೂಡುಗಳ ನಡುವೆ ದಾರ ಕಟ್ಟಿದ ಫೋನು ಎಲ್ಲ ಮಕ್ಕಳಿಗೂ ಇಷ್ಟ. ದಾರ ಬಿಗಿಯಾಗಿದ್ದರೆ ಮಾತ್ರ ಕೇಳುತ್ತದೆ, ನಡುವೆ ಯಾರಾದರೂ ಬೆರಳಿಟ್ಟರೆ ನಿಂತುಹೋಗುತ್ತದೆ. ಕಂಪನವೇ ಶಬ್ದವನ್ನು ಒಯ್ಯುತ್ತದೆ ಎಂಬ ಪಾಠ ಅಲ್ಲಿಯೇ ಆಯಿತು. ಇಂಥ ಆಟಿಕೆಗಳಿಂದ ವಿಜ್ಞಾನ ಕಲಿಸುವುದನ್ನು ದಶಕಗಳಿಂದ ಬದುಕಿನ ಕೆಲಸವಾಗಿಸಿಕೊಂಡವರು ಅರವಿಂದ್ ಗುಪ್ತಾ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೈಕಲ್ ವಾಲ್ವ್ ಟ್ಯೂಬಿನ ಚಿಕ್ಕ ತುಂಡುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ಆಕೃತಿ ಕಟ್ಟುವುದು ಅವರು ಪ್ರಚಾರಕ್ಕೆ ತಂದ ಆಟ. ಮೂರು ಕಡ್ಡಿಯ ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ, ನಾಲ್ಕು ಕಡ್ಡಿಯ ಚೌಕ ಓಲಾಡುತ್ತದೆ, ಚೌಕಕ್ಕೆ ಕರ್ಣ ಸೇರಿಸಿದರೆ ಅದೂ ನಿಲ್ಲುತ್ತದೆ. ಸೇತುವೆಗಳಲ್ಲಿ ತ್ರಿಕೋನಗಳು ಏಕಿವೆ ಎಂಬುದನ್ನು ಎಂಟು ವರ್ಷದ ಮಗು ಕೈಯಿಂದಲೇ ಅರಿಯುತ್ತದೆ. ಕಡ್ಡಿಯ ಮದ್ದನ್ನು ಮೊದಲೇ ತೆಗೆದಿರಬೇಕು.

ಈ ಗುಂಪಿನ ದೊಡ್ಡ ಕೊರತೆ, ನಾನು ಮೊದಲು ಹೇಳಿದ ಅಳತೆಯಲ್ಲಿ ಇದಕ್ಕೆ ಅಂಕ ಕಡಿಮೆ. ದಪ್ಪ ರಟ್ಟು ಕತ್ತರಿಸುವುದು, ತೂತು ಹಾಕುವುದು, ಬಿಸಿ ಅಂಟಿನ ಗನ್ ಹಿಡಿಯುವುದು ಎಲ್ಲವೂ ದೊಡ್ಡವರ ಪಾಲು. ಕ್ಷಣದಲ್ಲಿ ಹಿಡಿಯುವ ಅಂಟುಗಳು ಚರ್ಮವನ್ನೂ ಹಿಡಿಯುತ್ತವೆ, ಮಕ್ಕಳ ಕೈಗೆ ಕೊಡಲೇಬಾರದು. ಹಾಗಾಗಿ ಐದರ ಮಗುವಿಗೆ ರಟ್ಟಿನ ಮನೆಗಿಂತ ಬೆಂಕಿಪೊಟ್ಟಣದ ರೈಲನ್ನು ಆರಿಸಿ; ಅದರಲ್ಲಿ ಕತ್ತರಿಸುವುದೇ ಇಲ್ಲ. ಶಾಲೆಯ ಮಾದರಿಗಳಿಗೆ ಥರ್ಮೋಕೋಲ್ ತರುವ ಅಭ್ಯಾಸ ಇನ್ನೂ ಉಳಿದಿದೆ. 2022ರ ಜುಲೈ 1ರಿಂದ ದೇಶದಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಅದರ ಜಾಗಕ್ಕೆ ಪಾರ್ಸೆಲ್ ಡಬ್ಬಿಯ ರಟ್ಟು ಧಾರಾಳ ಸಾಕು.

ಹಾಗಾದರೆ ಯಾವುದು?

ಆರರೊಳಗಿನ ಮಗು, ಸ್ವಲ್ಪ ಹೊರಜಾಗ ಇದ್ದರೆ ಜೇಡಿಮಣ್ಣು. ಜಾಗ ಇಲ್ಲದಿದ್ದರೆ ಹಿಟ್ಟು. ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಕಾಗದ. ಮಳೆಗಾಲಕ್ಕೆ ಕಾಗದ ಮತ್ತು ಬಟ್ಟೆ. ಒಂದೇ ಕಡೆ ಕೂರದ ಮಗುವಿಗೆ ಗಾಡಿ, ರೈಲು. ಮೂವತ್ತು ನಲವತ್ತು ಮಕ್ಕಳ ತರಗತಿಗೆ ಶಿಕ್ಷಕರು ಆರಿಸಬೇಕಾದದ್ದು ಪತ್ರಿಕೆಯೇ, ಏಕೆಂದರೆ ಎಲ್ಲರಿಗೂ ಸಾಮಗ್ರಿ ಸಿಗುತ್ತದೆ, ಹಂತಗಳನ್ನು ಮುಂದೆ ನಿಂತು ಒಟ್ಟಿಗೆ ತೋರಿಸಬಹುದು. ಶಾಲೆಗೆ ಅಂಗಳವೂ ನಲ್ಲಿಯೂ ಇದ್ದರೆ ಮಣ್ಣು. ಸೂಜಿಯ ಕೆಲಸವನ್ನು ಅಷ್ಟು ಮಕ್ಕಳಿಗೆ ಒಬ್ಬರೇ ನೋಡಿಕೊಳ್ಳುವುದು ಆಗುವ ಮಾತಲ್ಲ.

ಅಂಗಡಿಯ ಕಿಟ್‌ಗಳ ವಿಷಯದಲ್ಲಿ ನನಗೆ ಹಗೆಯಿಲ್ಲ. ರೈಲು ಪ್ರಯಾಣಕ್ಕೆ, ಹುಟ್ಟುಹಬ್ಬದ ಉಡುಗೊರೆಗೆ, ಹುಷಾರಿಲ್ಲದೆ ಮಲಗಿದ ಮಗುವಿಗೆ ಅವು ಉಪಯುಕ್ತ. ಆದರೆ ಎಲ್ಲ ತುಂಡುಗಳೂ ಮೊದಲೇ ಕತ್ತರಿಸಿ ಬಂದಿರುವುದರಿಂದ ಮಗುವಿಗೆ ಉಳಿಯುವುದು ಅಂಟಿಸುವ ಕೆಲಸ ಮಾತ್ರ, ಮತ್ತು ಮುಗಿದ ಮೇಲೆ ಎಲ್ಲರ ಮನೆಯ ಗೊಂಬೆಯೂ ಒಂದೇ ತೆರನಾಗಿರುತ್ತದೆ. ಒಂದು ಕಿಟ್‌ಗೆ ಕೊಡುವ ಕೆಲವು ನೂರು ರೂಪಾಯಿಗಳಲ್ಲಿ ಚೆನ್ನಾಗಿ ಕತ್ತರಿಸುವ ಮೊಂಡು ಮೂತಿಯ ಕತ್ತರಿ, ಒಂದು ಬಾಟಲಿ ಬಿಳಿ ಅಂಟು, ಒಂದು ಉಂಡೆ ದಾರ, ಸ್ಕೇಲು, ಬಣ್ಣದ ಡಬ್ಬಿ ಬರುತ್ತವೆ, ಅವು ವರ್ಷವಿಡೀ ಉಳಿಯುತ್ತವೆ. ಇವುಗಳಲ್ಲಿ ಕತ್ತರಿಗೆ ಮಾತ್ರ ಹಣ ಉಳಿಸಬೇಡಿ. ಹರಿತವಿಲ್ಲದ ಕತ್ತರಿ ಕಾಗದವನ್ನು ಜಗಿಯುತ್ತದೆ, ಮಗು ತನ್ನ ಕೈಗೇ ಬರುವುದಿಲ್ಲ ಎಂದುಕೊಳ್ಳುತ್ತದೆ. ಎಡಗೈ ಬಳಸುವ ಮಗುವಾದರೆ ಎಡಗೈ ಕತ್ತರಿಯನ್ನೇ ಕೇಳಿ ತನ್ನಿ.

ಇಷ್ಟಾಗಿಯೂ ಎರಡರ ನಡುವೆ ತೂಗಾಡುವವರು ರಜೆಯ ಮೊದಲ ವಾರಕ್ಕೆ ಎರಡನ್ನೂ ಇಟ್ಟುಕೊಳ್ಳಬಹುದು, ಒಂದು ಕೂಡಲೇ ಮುಗಿಯುವಂಥದ್ದು, ಒಂದು ಒಣಗಬೇಕಾದದ್ದು. ಮುಖವಾಡದ ಎರಡು ಪದರ ಬಿಸಿಲಿನಲ್ಲಿರುವಾಗ ದೋಣಿ ಮಡಿಸಬಹುದು, ಮಣ್ಣಿನ ಎತ್ತುಗಳು ನೆರಳಿನಲ್ಲಿರುವಾಗ ಅವುಗಳಿಗೆ ಬೇಕಾದ ಗಾಡಿಗೆ ಗಾಲಿ ಕೂರಿಸಬಹುದು.